ಸ್ಟ್ರೋಕ್ ಆದ ಅಮ್ಮನಿಗೆ ಕೇರ್ ಹೋಮ್ ಹುಡುಕ್ತಿದೀವಿ, ಚೆನ್ನಾಗಿ ನೋಡ್ಕೋತಾರಾ ಇಲ್ವಾ ಅಂತ ಮೊದಲೇ ಹೇಗೆ ತಿಳ್ಕೊಳ್ಳೋದು?

ಬಿಳಿಮೋಡ:

ಎಲ್ರಿಗೂ ನಮಸ್ಕಾರ. ಅಮ್ಮನಿಗೆ ಸ್ಟ್ರೋಕ್ ಆಗಿ ಆಸ್ಪತ್ರೇಲಿದಾರೆ. ಎಡಗೈ ಎಡಗಾಲು ಸ್ವಾಧೀನ ಇಲ್ಲ, ಮಾತು ತೊದಲುತ್ತೆ ಆದ್ರೂ ನಮಗೆ ಅರ್ಥ ಆಗುತ್ತೆ, ನುಂಗೋಕೆ ಕಷ್ಟ ಅಂತ ಕುಡಿಯೋ ನೀರಿಗೂ ಥಿಕ್ನರ್ (ಗಟ್ಟಿ ಮಾಡೋ ಪುಡಿ) ಹಾಕಿ ಕೊಡ್ತಿದಾರೆ. ಇನ್ನೇನು ಡಿಸ್ಚಾರ್ಜ್ ಮಾಡ್ತೀವಿ ಅಂದಿದಾರೆ. ನಾನೂ ತಮ್ಮನೂ ಇಬ್ರೂ ಕೆಲ್ಸಕ್ಕೆ ಹೋಗೋರು, ಎತ್ತಿ ಕೂರಿಸೋದು, ರಾತ್ರಿ ಮಗ್ಗುಲು ಬದಲಾಯಿಸೋದು ಇದೆಲ್ಲ ಸದ್ಯಕ್ಕೆ ಮನೇಲಿ ಆಗೋ ಮಾತಲ್ಲ ಅಂತ ಡಾಕ್ಟ್ರೇ ಹೇಳಿದ್ರು, ಅದಕ್ಕೇ ಕೇರ್ ಹೋಮ್ ನೋಡ್ತಿದೀವಿ.

ಎರಡು ಕಡೆ ಹೋಗಿ ಬಂದೆ. ಒಂದು ಹೊಸ ಕಟ್ಟಡ, ಎಲ್ಲಾ ಫಳಫಳ ಅಂತಿದೆ, ಮ್ಯಾನೇಜರ್ ಆಫೀಸಲ್ಲಿ ಕೂರಿಸ್ಕೊಂಡು ತುಂಬಾ ಹೊತ್ತು ಮಾತಾಡಿದ್ರು, ಒಂದು ಖಾಲಿ ರೂಮ್ ತೋರಿಸಿದ್ರು, ಆದ್ರೆ ಜನ ಇರೋ ಫ್ಲೋರಿಗೆ ಕರ್ಕೊಂಡು ಹೋಗ್ಲಿಲ್ಲ, ಅವ್ರ ಪ್ರೈವಸಿ ಅಂದ್ರು. ಇನ್ನೊಂದು ಹಳೇದು, ಗೋಡೆ ಬಣ್ಣ ಮಾಸಿದೆ, ರೂಮ್ ಚಿಕ್ಕದು, ಆದ್ರೆ ಹಾಲ್‌ನಲ್ಲಿ ಸುಮಾರು ಜನ ವೀಲ್‌ಚೇರಲ್ಲಿ ಎದ್ದು ಕೂತಿದ್ರು, ಒಬ್ಬ ಹುಡುಗಿ ಒಬ್ಬ ಅಜ್ಜಿ ಹೆಸರು ಹಿಡಿದು ಏನೋ ಮಾತಾಡ್ತಾ ತಲೆ ಬಾಚ್ತಿದ್ಲು. ತಮ್ಮ ಹೊಸದೇ ಇರ್ಲಿ ಅಂತಾನೆ, ನನಗೆ ಮನಸ್ಸು ಒಪ್ತಿಲ್ಲ ಆದ್ರೆ ಯಾಕೆ ಅಂತ ಹೇಳೋಕೂ ಬರ್ತಿಲ್ಲ. ಆನ್‌ಲೈನ್ ರಿವ್ಯೂ ನೋಡಿದ್ರೆ ಎರಡಕ್ಕೂ ಹೆಚ್ಚೂಕಮ್ಮಿ ಒಂದೇ ಥರ ಇದೆ. ಅನುಭವ ಇರೋರು ದಯವಿಟ್ಟು ಹೇಳಿ, ಏನ್ ನೋಡ್ಬೇಕು, ಏನ್ ಕೇಳ್ಬೇಕು?


ರಾತ್ರಿಪಾಳಿ:

ನಾನು ನರ್ಸ್, ಇಂಥ ಕಡೆ ಸುಮಾರು ವರ್ಷ ಕೆಲ್ಸ ಮಾಡಿದೀನಿ, ಜಾಸ್ತಿ ನೈಟ್ ಡ್ಯೂಟಿನೇ. ಒಂದೇ ಮಾತಲ್ಲಿ ಹೇಳೋದಾದ್ರೆ ಕಟ್ಟಡ ನೋಡ್ಬೇಡಿ, ಅಲ್ಲಿ ಈಗಾಗ್ಲೇ ಇರೋ ಜನರನ್ನ ನೋಡಿ. ಅವರ ತುಟಿ ಒಣಗಿದ್ಯಾ, ಬಾಯಿ ಕ್ಲೀನ್ ಇದ್ಯಾ, ಉಗುರು ಕತ್ತರಿಸಿದಾರಾ, ಕನ್ನಡಕ ಮೂಗಿನ ಮೇಲಿದ್ಯಾ ಇಲ್ಲಾ ಡ್ರಾಯರಲ್ಲಿದ್ಯಾ, ಹಿಯರಿಂಗ್ ಏಡ್ ಕಿವೀಲಿದ್ಯಾ, ನೀರಿನ ಲೋಟ ಕೈಗೆ ಎಟುಕೋ ಜಾಗದಲ್ಲಿದ್ಯಾ. ಮಧ್ಯಾಹ್ನ ಆದ್ರೂ ಎಲ್ರೂ ಇನ್ನೂ ಮಂಚದ ಮೇಲೇ ಮಲಗಿದಾರೆ ಅಂದ್ರೆ ಎಬ್ಬಿಸೋಕೆ ಸಾಕಷ್ಟು ಕೈ ಇಲ್ಲ ಅಂತ ಅರ್ಥ. ನೀವು ಹಳೇ ಕಟ್ಟಡದಲ್ಲಿ ನೋಡಿದ್ದು ಸಣ್ಣ ವಿಷಯ ಅಲ್ಲ. ಹೊಸ ಕಡೆ ಜನ ಇರೋ ಫ್ಲೋರ್ ತೋರಿಸ್ಲಿಲ್ಲ ಅನ್ನೋದೂ ಸಣ್ಣ ವಿಷಯ ಅಲ್ಲ. ಪ್ರೈವಸಿ ಬೇಕು ನಿಜ, ಯಾರದೋ ರೂಮಿಗೆ ನುಗ್ಗೋದು ತಪ್ಪು, ಆದ್ರೆ ಕಾರಿಡಾರ್, ಡೈನಿಂಗ್ ಹಾಲ್, ಎಲ್ರೂ ಕೂರೋ ಜಾಗ ಇದನ್ನೂ ತೋರಿಸಲ್ಲ ಅಂದ್ರೆ ಇನ್ನೊಮ್ಮೆ ಕೇಳಿ, ಆಗ್ಲೂ ಇಲ್ಲ ಅಂದ್ರೆ ನಾನಂತೂ ಬಿಟ್ಬಿಡ್ತೀನಿ.

ಎರಡನೇದು ಸ್ಟಾಫ್. "ನಮ್ಮಲ್ಲಿ 24 ಗಂಟೆ ನರ್ಸ್ ಇದಾರೆ" ಅಂತ ಎಲ್ಲಾ ಕಡೆ ಹೇಳ್ತಾರೆ, ಅದರಿಂದ ಏನೂ ಗೊತ್ತಾಗಲ್ಲ. ಹೀಗ್ ಕೇಳಿ: ನಿನ್ನೆ ರಾತ್ರಿ 2 ಗಂಟೆಗೆ ಈ ಫ್ಲೋರಲ್ಲಿ ಎಷ್ಟು ಜನ ಪೇಷಂಟ್ ಇದ್ರು, ಎಷ್ಟು ಜನ ಸ್ಟಾಫ್ ಎಚ್ಚರ ಇದ್ರು, ಅದರಲ್ಲಿ ಟ್ರೈನಿಂಗ್ ಆಗಿರೋ ನರ್ಸ್ ಎಷ್ಟು, ಆಯಾಗಳು ಎಷ್ಟು. ಡ್ಯೂಟಿ ರೋಸ್ಟರ್ ತೋರಿಸಿ ಅನ್ನಿ. ಅಳತೆಗೆ ಒಂದು ನಂಬರ್ ಹೇಳ್ತೀನಿ, 2001ರಲ್ಲಿ ಅಮೆರಿಕ ಸರ್ಕಾರಕ್ಕೆ ಕೊಟ್ಟ ಒಂದು ಅಧ್ಯಯನದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ನರ್ಸು ಆಯಾ ಎಲ್ಲಾ ಸೇರಿ ಸುಮಾರು 4.1 ಗಂಟೆ ಬೇಕು, ಅದಕ್ಕಿಂತ ಕಮ್ಮಿ ಆದ್ರೆ ಆರೈಕೆ ಕೆಡುತ್ತೆ ಅಂತ ಬಂತು. ಲೆಕ್ಕ ಹಾಕಿ, 30 ಜನ ಇದ್ರೆ 123 ಗಂಟೆ, 8 ಗಂಟೆ ಶಿಫ್ಟ್ ಅಂದ್ರೆ ಮೂರೂ ಶಿಫ್ಟ್ ಸೇರಿ 15-16 ಜನ ಬೇಕು, ಅಡುಗೆಯವ್ರು ಕ್ಲೀನಿಂಗ್‌ನವ್ರು ಮ್ಯಾನೇಜರ್ ಇದರಲ್ಲಿ ಬರಲ್ಲ. ಬಹಳ ಕಡೆ ಇಷ್ಟು ಇರಲ್ಲ, ಆದ್ರೂ ಎರಡೂ ಕಡೆ ಇದೇ ಲೆಕ್ಕ ಹಾಕಿ ನೋಡಿದ್ರೆ ಯಾರು ಹತ್ರ ಇದಾರೆ ಅಂತ ಗೊತ್ತಾಗುತ್ತೆ. ಆಮೇಲೆ ಆಯಾಗಳನ್ನೇ ಸುಮ್ನೆ ಮಾತಾಡಿಸಿ, ಇಲ್ಲಿಗೆ ಬಂದು ಎಷ್ಟು ದಿನ ಆಯ್ತು ಅಂತ ಕೇಳಿ. ಎಲ್ರೂ ಮೊನ್ನೆ ಮೊನ್ನೆ ಸೇರಿದವ್ರೇ ಆಗಿದ್ರೆ ಅಲ್ಲಿ ಯಾರೂ ನಿಲ್ತಿಲ್ಲ, ಜನ ನಿಲ್ಲದ ಕಡೆ ನಿಮ್ಮ ಅಮ್ಮನಿಗೆ ಯಾವ ಮಗ್ಗುಲು ನೋವು ಅಂತ ನೆನಪಿಟ್ಕೊಳ್ಳೋರೂ ಇರಲ್ಲ.

ಮೂರನೇದು ಬೆಡ್ ಸೋರ್. ನಿಮ್ಮ ಅಮ್ಮನ ಸ್ಥಿತೀಲಿ ಇದೇ ನನಗೆ ದೊಡ್ಡ ಚಿಂತೆ. ಮಲಗಿದಲ್ಲೇ ಇದ್ರೆ ಬೆನ್ನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ ಇಲ್ಲೆಲ್ಲ ರಕ್ತ ಓಡಾಟ ನಿಂತು ಚರ್ಮ ಸಾಯೋಕೆ ಶುರುವಾಗುತ್ತೆ. ಮೊದಲು ಬರೀ ಕೆಂಪಗಾಗುತ್ತೆ, ಬೆರಳಲ್ಲಿ ಒತ್ತಿದ್ರೂ ಬಿಳಿಚಿಕೊಳ್ಳಲ್ಲ, ಅದು ಸ್ಟೇಜ್ 1, ಅಲ್ಲೇ ಹಿಡಿದ್ರೆ ಸರಿ ಹೋಗುತ್ತೆ. ಸ್ಟೇಜ್ 4 ಅಂದ್ರೆ ಮಾಂಸ ಮೂಳೆ ಕಾಣೋವರೆಗೂ ಹೋಗಿರುತ್ತೆ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ತಾರೆ, ಒಳ್ಳೇ ಪ್ರೆಷರ್ ಮ್ಯಾಟ್ರೆಸ್ (ಮೈ ಮೇಲಿನ ಒತ್ತಡ ಕಮ್ಮಿ ಮಾಡೋ ಹಾಸಿಗೆ) ಇದ್ರೆ ಚರ್ಮ ನೋಡ್ಕೊಂಡು ಅಂತರ ಸ್ವಲ್ಪ ಜಾಸ್ತಿ ಮಾಡ್ಬಹುದು, ಏರ್ ಬೆಡ್ ಇದೆ ಅಂತ ತಿರುಗಿಸದೇ ಬಿಡೋ ಹಾಗಿಲ್ಲ. ಬ್ರೇಡನ್ ಸ್ಕೇಲ್ ಅಂತ ಇದೆ, 6ರಿಂದ 23ರವರೆಗೆ ಸ್ಕೋರ್, 18 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಹುಣ್ಣಾಗೋ ರಿಸ್ಕ್ ಇದೆ ಅಂತ. ಸೇರಿಸ್ಕೊಂಡ ದಿನ ಸ್ಕೋರ್ ಹಾಕ್ತೀರಾ ಅಂತ ನರ್ಸನ್ನ ಕೇಳಿ, ಅದು ಏನು ಅಂತಾನೇ ಗೊತ್ತಿಲ್ಲ ಅಂದ್ರೆ ಬೇರೆ ಯಾವ ಪದ್ಧತಿ ಇದೆ ಅಂತ ಕೇಳಿ, ಏನೋ ಒಂದು ಇರ್ಲೇಬೇಕು. ಈಗ ಎಷ್ಟು ಜನಕ್ಕೆ ಬೆಡ್ ಸೋರ್ ಇದೆ, ಅದರಲ್ಲಿ ಇಲ್ಲಿಗೆ ಬಂದ್ಮೇಲೆ ಆಗಿದ್ದು ಎಷ್ಟು ಅಂತಾನೂ ಕೇಳಿ.

ಚಾರ್ಟ್ ತೋರಿಸಿದ್ರೆ ಸುಮ್ನೆ ತಲೆ ಆಡಿಸ್ಬೇಡಿ, ಓದಿ. ಇಡೀ ದಿನ ಒಂದೇ ಪೆನ್ನು ಒಂದೇ ಕೈಬರಹ, ಸರಿಯಾಗಿ 8, 10, 12, 2 ಅಂತ ಒಂದು ನಿಮಿಷ ಹೆಚ್ಚುಕಮ್ಮಿ ಇಲ್ದೇ ಬರೆದಿದ್ರೆ ಅದು ಕೂತ್ಕೊಂಡು ಒಟ್ಟಿಗೆ ತುಂಬಿಸಿದ್ದು. ನಿಜವಾಗ್ಲೂ ತಿರುಗಿಸಿದ ಚಾರ್ಟಲ್ಲಿ 10.20, 12.35, "ಎಡ ಮಗ್ಗುಲು ಬೇಡ ಅಂದ್ರು" ಹೀಗೆಲ್ಲ ಇರುತ್ತೆ.


ಹಿರಿಮಗ:

ನಮ್ಮ ತಂದೆಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ), ಸ್ಟ್ರೋಕ್ ಅಲ್ಲ, ಆದ್ರೂ ಕೆಲವು ವಿಷಯ ಎಲ್ರಿಗೂ ಒಂದೇ ಅಂತ ಬರೀತಿದೀನಿ. ಮೊದಲು ಅವರನ್ನ ಇಟ್ಟಿದ್ದ ಕಡೆ ನಾವು ಹೋದಾಗೆಲ್ಲ ಶಾಂತವಾಗಿ ಮಲಗಿರ್ತಿದ್ರು, ಚೆನ್ನಾಗಿ ಹೊಂದ್ಕೊಂಡಿದಾರೆ ಅಂತ ಹೇಳ್ತಿದ್ರು. ಆಮೇಲೆ ನನ್ನ ಹೆಂಡತಿ ಮಾತ್ರೆ ಲಿಸ್ಟ್ ಕೇಳಿ ತಗೊಂಡು ಓದಿದಾಗ ನಮಗೆ ಹೇಳದೇ ಆ್ಯಂಟಿಸೈಕೋಟಿಕ್ ಮಾತ್ರೆ (ಮಾನಸಿಕ ಕಾಯಿಲೆಗೆ ಕೊಡೋದು, ಮಂಪರು ಬರಿಸುತ್ತೆ) ಶುರು ಮಾಡಿದ್ದು ಗೊತ್ತಾಯ್ತು. ಡಿಮೆನ್ಷಿಯಾ ಇರೋ ವಯಸ್ಸಾದವರಿಗೆ ಈ ಮಾತ್ರೆಗಳಿಂದ ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಅತಿ ಗಟ್ಟಿಯಾದ ಎಚ್ಚರಿಕೆ ಹಾಕ್ಸಿದೆ. ಯಾವತ್ತೂ ಕೊಡಲೇಬಾರದು ಅಂತಲ್ಲ, ಬೇರೆ ದಾರಿ ಇಲ್ದೇ ಇದ್ದಾಗ ಡಾಕ್ಟ್ರು ಯೋಚನೆ ಮಾಡಿ ಸ್ವಲ್ಪ ದಿನಕ್ಕೆ ಕೊಡ್ತಾರೆ, ಆದ್ರೆ ಮನೆಯವ್ರಿಗೆ ಹೇಳ್ಬೇಕಲ್ವಾ, ರಾತ್ರಿ ಗಲಾಟೆ ಮಾಡ್ತಾರೆ ಅಂತ ಸ್ಟಾಫ್ ಅನುಕೂಲಕ್ಕೆ ಕೊಡೋದು ಎಷ್ಟು ಸರಿ. ಈಗ ಬೇರೆ ಕಡೆ ಇದಾರೆ, ಮಾತ್ರೆ ನಿಧಾನಕ್ಕೆ ಕಮ್ಮಿ ಮಾಡಿದ್ರು, ಈಗ ನನ್ನ ಜೊತೆ ಕಾರಿಡಾರಲ್ಲಿ ನಡೀತಾರೆ.

ಅದಕ್ಕೇ ಹೇಳ್ತೀನಿ, ಸೇರಿಸೋ ಮೊದ್ಲೇ ಎರಡು ಪ್ರಶ್ನೆ ಕೇಳಿ. ಹೊಸ ಮಾತ್ರೆ ಶುರು ಮಾಡೋವಾಗ ಯಾರು ನಿರ್ಧಾರ ಮಾಡ್ತಾರೆ, ನಮಗೆ ಯಾವಾಗ ಹೇಳ್ತೀರಿ? ಯಾರಾದ್ರೂ ಪದೇಪದೇ ಏಳೋಕೆ ಹೋದ್ರೆ ಕಟ್ಟಿ ಹಾಕ್ತೀರಾ? ಕಟ್ತೀವಿ, ಸೇಫ್ಟಿಗೆ ಅಂತ ಸಲೀಸಾಗಿ ಹೇಳಿದ್ರೆ ಅಲ್ಲಿಗೆ ಬೇಡ. ಕಟ್ಟೋದ್ರಿಂದ ಬೆಡ್ ಸೋರ್ ಬರುತ್ತೆ, ಕೀಲು ಬಿಗಿಯುತ್ತೆ, ಬಿಡಿಸ್ಕೊಳ್ಳೋಕೆ ಹೋಗಿ ಪೆಟ್ಟೂ ಆಗುತ್ತೆ.

ರಿವ್ಯೂ ಬಗ್ಗೆ: ಸ್ಟಾರ್ ಬಿಟ್ಟು ಉದ್ದಕ್ಕೆ ಬರೆದಿರೋದನ್ನ ಓದಿ, ಅದರಲ್ಲೂ ದೂರಿಗೆ ಅವ್ರು ಏನ್ ಉತ್ತರ ಕೊಟ್ಟಿದಾರೆ ಅನ್ನೋದನ್ನ. ಸರ್ಕಾರದ ಇನ್‌ಸ್ಪೆಕ್ಷನ್ ರಿಪೋರ್ಟ್ ಜನರಿಗೆ ಸಿಗೋ ಕಡೆ ಆದ್ರೆ ಅದನ್ನೇ ಮೊದಲು ಓದಿ. ಅಮೆರಿಕದಲ್ಲಿ 2008ರಿಂದ ಐದು ಸ್ಟಾರ್ ರೇಟಿಂಗ್ ಕೊಡ್ತಾರೆ, ಇಂಗ್ಲೆಂಡಲ್ಲಿ ಇನ್‌ಸ್ಪೆಕ್ಷನ್ ಮಾಡಿ ಗ್ರೇಡ್ ಕೊಡ್ತಾರೆ, ಅಲ್ಲೂ ಸ್ಟಾರಿಗಿಂತ ಒಳಗಿನ ರಿಪೋರ್ಟಲ್ಲಿ ಏನ್ ಬರೆದಿದೆ, ಅದೇ ತಪ್ಪು ಮತ್ತೆ ಮತ್ತೆ ಬಂದಿದ್ಯಾ ಅನ್ನೋದು ಮುಖ್ಯ.


ಬಿಳಿಮೋಡ:

ಇಬ್ರಿಗೂ ತುಂಬಾ ಥ್ಯಾಂಕ್ಸ್, ತಮ್ಮನಿಗೂ ಓದಿಸಿದೆ. ಹೊಸ ಕಡೆ ಮತ್ತೆ ಫೋನ್ ಮಾಡಿ ಬೀಳೋದರ ಬಗ್ಗೆ ಕೇಳಿದೆ, ನಮ್ಮಲ್ಲಿ ಇವತ್ತಿನವರೆಗೂ ಯಾರೂ ಬಿದ್ದೇ ಇಲ್ಲ ಅಂದ್ರು. ತಮ್ಮ ನೋಡು ಎಷ್ಟು ಸೇಫ್ ಅಂತಾನೆ. ಇದು ನಂಬೋ ಮಾತಾ? ಇನ್ನೊಂದು, ಹೊಸ ಕಡೆ ದಿನಾ ಫಿಸಿಯೋಥೆರಪಿ ಅಂತ ಬರೆದಿದಾರೆ, ಹಳೇ ಕಡೆ ವಾರಕ್ಕೆ ಮೂರು ಸಲ ಬರ್ತಾರಂತೆ. ಅಮ್ಮನಿಗೆ ಈಗ ಫಿಸಿಯೋ ಮುಖ್ಯ ಅಲ್ವಾ, ಅದು ನೋಡಿದ್ರೆ ಹೊಸದೇ ವಾಸಿ ಅನ್ಸುತ್ತೆ.


ರಾತ್ರಿಪಾಳಿ:

ಯಾರೂ ಬಿದ್ದೇ ಇಲ್ಲ ಅಂದ್ರೆ ಎರಡೇ ಅರ್ಥ, ಬಿದ್ದಿದ್ದನ್ನ ಬರೆದಿಡಲ್ಲ, ಇಲ್ಲಾಂದ್ರೆ ಯಾರನ್ನೂ ಮಂಚದಿಂದ ಇಳಿಸಲ್ಲ. ವಯಸ್ಸಾದವ್ರು ಓಡಾಡೋ ಜಾಗದಲ್ಲಿ ಒಬ್ರಲ್ಲ ಒಬ್ರು ಬೀಳ್ತಾರೆ. ಕೊನೇ ಸಲ ಯಾರಾದ್ರೂ ಬಿದ್ದಾಗ ಏನ್ ಮಾಡಿದ್ರಿ ಅಂತ ಕೇಳಿ. ಒಳ್ಳೇ ಕಡೆ ಆದ್ರೆ ಹೇಳ್ತಾರೆ, ರಾತ್ರಿ ಟಾಯ್ಲೆಟ್ಟಿಗೆ ಎದ್ದು ಬಿದ್ರು, ಪೆಟ್ಟು ನೋಡಿ ಡಾಕ್ಟ್ರಿಗೆ ಹೇಳಿದ್ವಿ, ಮನೆಯವ್ರಿಗೆ ಆಗ್ಲೇ ಫೋನ್ ಮಾಡಿದ್ವಿ, ಬಿಪಿ ಮಾತ್ರೆ ಚೆಕ್ ಮಾಡಿಸಿದ್ವಿ, ಈಗ ರಾತ್ರಿ ಮಲಗೋ ಮೊದಲು ಒಂದ್ಸಲ ನಾವೇ ಟಾಯ್ಲೆಟ್ಟಿಗೆ ಕರ್ಕೊಂಡ್ ಹೋಗ್ತೀವಿ ಅಂತ. ಬಿದ್ದಮೇಲೆ ಏನ್ ಬದಲಾಯಿಸಿದ್ರು ಅನ್ನೋದ್ರಲ್ಲೇ ಅವ್ರ ಗುಣಮಟ್ಟ ಇರೋದು.


ಕೈಕಾಲು_ಫಿಸಿಯೋ:

ನಾನು ಫಿಸಿಯೋಥೆರಪಿಸ್ಟ್, ಸ್ಟ್ರೋಕ್ ಪೇಷಂಟ್ಸ್ ಜೊತೇನೇ ಕೆಲ್ಸ. ದಿನಾ ಅನ್ನೋದು ಒಳ್ಳೇದೇ, ಆದ್ರೆ ಎಷ್ಟು ನಿಮಿಷ, ಯಾರು ಮಾಡಿಸ್ತಾರೆ, ಅದರಲ್ಲಿ ಪೇಷಂಟ್ ತಾವೇ ಏನಾದ್ರೂ ಮಾಡ್ತಾರಾ ಅಥವಾ ಮಲಗಿಸಿ ಕೈಕಾಲು ಆಡಿಸಿ ಹೋಗ್ತಾರಾ ಅಂತ ಕೇಳ್ಬೇಕು. ಹತ್ತು ನಿಮಿಷ ಆಡಿಸಿ ಸೈನ್ ಹಾಕಿ ಹೋಗೋ ದಿನದ ಫಿಸಿಯೋಗಿಂತ, ವಾರಕ್ಕೆ ಮೂರು ಸಲ ಸರಿಯಾಗಿ ಕೂರಿಸಿ ನಿಲ್ಲಿಸಿ ಮಾಡಿಸಿ, ಮಿಕ್ಕ ದಿನ ಏನ್ ಮಾಡ್ಬೇಕು ಅಂತ ಆಯಾಗಳಿಗೂ ಕಲಿಸಿ ಹೋಗೋದು ಎಷ್ಟೋ ಮೇಲು. ಯಾಕಂದ್ರೆ ಫಿಸಿಯೋ ಇರೋದು ಸ್ವಲ್ಪ ಹೊತ್ತು, ಮಿಕ್ಕ ಇಡೀ ದಿನ ಅಮ್ಮನ್ನ ಎತ್ತೋದು ಕೂರಿಸೋದು ಆಯಾಗಳೇ. ಸ್ಟ್ರೋಕ್ ಆದ ಕೈಯ ಭುಜದಲ್ಲಿ ಮಾಂಸಖಂಡ ಸಡಿಲ ಆಗಿರುತ್ತೆ, ಆ ಕೈ ಹಿಡಿದು ಅಥವಾ ಕಂಕುಳಿಗೆ ಕೈ ಹಾಕಿ ಎಳೆದು ಎಬ್ಬಿಸಿದ್ರೆ ಕೀಲು ಜಾರಿ ತಿಂಗಳುಗಟ್ಟಲೆ ನೋವು. ನೀವು ಹೋದಾಗ ಸುಮ್ನೆ ಒಂದ್ಕಡೆ ಕೂತು ಅವ್ರು ಯಾರನ್ನಾದ್ರೂ ಮಂಚದಿಂದ ವೀಲ್‌ಚೇರಿಗೆ ಹೇಗೆ ಬದಲಾಯಿಸ್ತಾರೆ ನೋಡಿ. ಮೊದಲು ಹೇಳಿ ಮಾಡ್ತಾರಾ, ಬ್ರೇಕ್ ಹಾಕ್ತಾರಾ, ಎಷ್ಟು ಜನ ಹಿಡೀತಾರೆ, ಬೆಲ್ಟ್ ಅಥವಾ ಹಾಯ್ಸ್ಟ್ (ಎತ್ತೋ ಯಂತ್ರ) ಇದ್ಯಾ. ಆ ಐದು ನಿಮಿಷದಲ್ಲಿ ನನಗೆ ಎಲ್ಲಾ ಗೊತ್ತಾಗುತ್ತೆ, ನಿಮಗೂ ಗೊತ್ತಾಗುತ್ತೆ.

ಎಡಭಾಗ ಹೋಗಿದೆ ಅಂದ್ರಿ. ಇಂಥವರಲ್ಲಿ ಸುಮಾರು ಜನಕ್ಕೆ ಎಡಗಡೆ ಏನಿದೆ ಅನ್ನೋದೇ ಗಮನಕ್ಕೆ ಬರಲ್ಲ, ಕಣ್ಣು ಸರಿ ಇದ್ರೂ ಮೆದುಳು ಆ ಕಡೆ ತಿರುಗಲ್ಲ. ತಟ್ಟೇಲಿ ಎಡಗಡೆ ಇರೋ ಊಟ ಹಾಗೇ ಉಳಿಯುತ್ತೆ, ಕಾಲ್ ಬೆಲ್ ಎಡಗಡೆ ಕಟ್ಟಿದ್ರೆ ಅದು ಇದೆ ಅಂತಾನೇ ಗೊತ್ತಾಗಲ್ಲ. ಅಮ್ಮನಿಗೆ ಹಾಗಿದ್ಯಾ ಅಂತ ಆಸ್ಪತ್ರೆ ಥೆರಪಿಸ್ಟ್ ಹತ್ರ ಕೇಳ್ಕೊಳ್ಳಿ. ಬೆಲ್ಲು ನೀರು ಬಲಗೈಗೆ ಸಿಗ್ಬೇಕು, ಮಾತಾಡಿಸೋವಾಗ ಎಡಗಡೆಯಿಂದ ಮಾತಾಡಿಸಿ ಆ ಕಡೆ ತಿರುಗೋ ಅಭ್ಯಾಸ ಮಾಡಿಸ್ಬೇಕು. ಇದನ್ನ ಕೇರ್ ಹೋಮಿನವ್ರಿಗೆ ಹೇಳಿ ನೋಡಿ, ಹೌದು ನಮ್ಮಲ್ಲಿ ಇನ್ನೊಬ್ರಿಗೂ ಹಾಗೇ ಇದೆ, ನಾವು ಹೀಗೆ ಮಾಡ್ತೀವಿ ಅಂದ್ರೆ ಅಂಥ ಕಡೆ ನೆಮ್ಮದಿಯಿಂದ ಬಿಡ್ಬಹುದು.


ಹಿರಿಮಗ:

ನುಂಗೋ ವಿಷಯ ಯಾರೂ ಹೇಳ್ಲಿಲ್ಲ ಅಲ್ವಾ. ಊಟದ ಹೊತ್ತಿಗೆ ಹೋಗಿ ನೋಡಿ ಅಂತ ನಾನ್ ಹೇಳ್ತೀನಿ. ನಮ್ಮ ತಂದೆಗೂ ಇತ್ತೀಚೆಗೆ ನುಂಗೋಕೆ ಕಷ್ಟ ಶುರುವಾಗಿದೆ, ಅದಕ್ಕೇ ಗೊತ್ತು.


ರಾತ್ರಿಪಾಳಿ:

ಹೌದು, ಅದನ್ನ ಬಿಡೋ ಹಾಗೇ ಇಲ್ಲ. ಸರಿಯಾಗಿ ನುಂಗೋಕಾಗದವ್ರಿಗೆ ಊಟ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ, ಸ್ಟ್ರೋಕ್ ಆದವರ ಜೀವಕ್ಕೆ ದೊಡ್ಡ ಅಪಾಯಗಳಲ್ಲಿ ಅದೂ ಒಂದು. ಊಟ ಮಾಡಿಸೋವಾಗ ನೆಟ್ಟಗೆ ಕೂರಿಸಿರ್ಬೇಕು, ಮಲಗಿಸ್ಕೊಂಡು ತುರುಕೋ ಹಾಗಿಲ್ಲ. ಮಾಡಿಸೋರು ಎದುರಿಗೆ ಕೂತು ಒಂದು ತುತ್ತು ಇಳಿದ ಮೇಲೆ ಇನ್ನೊಂದು ಕೊಡ್ಬೇಕು, ನಿಂತ್ಕೊಂಡು ಮೇಲಿಂದ ಸ್ಪೂನ್ ಕೊಟ್ರೆ ಪೇಷಂಟ್ ಕತ್ತೆತ್ತಬೇಕಾಗುತ್ತೆ, ಆಗ್ಲೇ ಜಾರೋದು. ಊಟ ಆದ್ಮೇಲೆ ಎಡಗೆನ್ನೆ ಒಳಗೆ ತುತ್ತು ಉಳಿದಿದ್ಯಾ ನೋಡ್ಬೇಕು, ಅರ್ಧ ಗಂಟೆ ಆದ್ರೂ ಕೂತೇ ಇರ್ಬೇಕು, ಬಾಯಿ ಸ್ವಚ್ಛ ಮಾಡ್ಬೇಕು. ಹಲ್ಲುಜ್ಜಿಸೋದು ಬರೀ ವಾಸನೆಗೆ ಅಂದ್ಕೋಬೇಡಿ, ಬಾಯಲ್ಲಿರೋ ಬ್ಯಾಕ್ಟೀರಿಯಾನೇ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಹೋಗೋದು.

ಥಿಕ್ನರ್ ಎಷ್ಟು ಹಾಕ್ಬೇಕು ಅಂತ ಡಿಸ್ಚಾರ್ಜ್ ಪೇಪರಲ್ಲಿ ಬರೆಸ್ಕೊಳ್ಳಿ. ಊಟ ನೀರು ಎಷ್ಟು ಗಟ್ಟಿ ಇರ್ಬೇಕು ಅಂತ ಹೇಳೋಕೆ ಐಡಿಡಿಎಸ್‌ಐ ಅಂತ 0ಯಿಂದ 7ರವರೆಗೆ ಲೆವೆಲ್ ಇದೆ, ಕುಡಿಯೋದಕ್ಕೆ ಯಾವ ಲೆವೆಲ್ ತಿನ್ನೋದಕ್ಕೆ ಯಾವ ಲೆವೆಲ್ ಅಂತ ನಂಬರ್ ಸಮೇತ ಇದ್ರೆ ಒಬ್ಬೊಬ್ರು ಒಂದೊಂದು ಥರ ಕಲಸೋದು ತಪ್ಪುತ್ತೆ. ಮಾತ್ರೆ ನುಂಗೋಕಾಗಲ್ಲ ಅಂತ ಎಲ್ಲಾ ಮಾತ್ರೆ ಒಟ್ಟಿಗೆ ಪುಡಿ ಮಾಡೋದು ನೋಡಿದೀನಿ, ನಿಧಾನಕ್ಕೆ ಬಿಡುಗಡೆ ಆಗೋ ಮಾತ್ರೆ, ಹೊಟ್ಟೇಲಿ ಕರಗದೇ ಇರೋಕೆ ಕೋಟಿಂಗ್ ಇರೋ ಮಾತ್ರೆ ಇವನ್ನ ಪುಡಿ ಮಾಡಬಾರದು. ಯಾವ್ದು ಪುಡಿ ಮಾಡ್ಬಹುದು, ಯಾವ್ದಕ್ಕೆ ಸಿರಪ್ ಸಿಗುತ್ತೆ ಅಂತ ಹೊರಡೋ ಮೊದ್ಲೇ ಕೇಳಿ.

ತೂಕ ತಿಂಗಳಿಗೊಮ್ಮೆ ಆದ್ರೂ ನೋಡ್ತಾರಾ ಕೇಳಿ. ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು ಅಥವಾ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ಇಳಿದ್ರೆ ಕಾರಣ ಹುಡುಕಲೇಬೇಕು. 60 ಕೆಜಿ ಇರೋರು ತಿಂಗಳಲ್ಲಿ 3 ಕೆಜಿ ಇಳಿದ್ರೆ ವಯಸ್ಸಾಯ್ತು ಬಿಡಿ ಅನ್ನೋ ಮಾತು ಒಪ್ಬೇಡಿ.


ಕಾಗದಪತ್ರ:

ಅಗ್ರಿಮೆಂಟ್ ಬಗ್ಗೆ ಯಾರೂ ಬರೀಲಿಲ್ಲ ಅಂತ ಸೇರಿಸ್ತಿದೀನಿ. ಸೈನ್ ಹಾಕೋ ಮೊದಲು ಮನೆಗೆ ತಂದು ಓದಿ. ಡಯಾಪರ್, ಥಿಕ್ನರ್, ಫಿಸಿಯೋ, ಆಸ್ಪತ್ರೆಗೆ ಜೊತೆಗೆ ಬರೋ ಸ್ಟಾಫ್ ಇದೆಲ್ಲ ತಿಂಗಳ ಫೀಸಲ್ಲಿ ಸೇರಿದ್ಯಾ ಬೇರೆನಾ. ಅಮ್ಮ ಆಸ್ಪತ್ರೇಲಿ ಅಡ್ಮಿಟ್ ಆದ ದಿನಗಳಿಗೂ ಫೀಸ್ ಕಟ್ಬೇಕಾ, ಬೆಡ್ ಇಟ್ಟಿರ್ತಾರಾ. ನಾವು ಬಿಡೋದಾದ್ರೆ ಎಷ್ಟು ದಿನದ ನೋಟಿಸ್, ಡೆಪಾಸಿಟ್ ಯಾವಾಗ ವಾಪಸ್. ಎಲ್ಲಕ್ಕಿಂತ ಮುಖ್ಯ, ಸ್ಥಿತಿ ಬಿಗಡಾಯಿಸಿದ್ರೆ, ಟ್ಯೂಬ್ ಫೀಡಿಂಗ್ ಬೇಕಾದ್ರೆ ಇಟ್ಕೋತಾರಾ ಅಥವಾ ಕರ್ಕೊಂಡ್ ಹೋಗಿ ಅಂತಾರಾ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, ಬರವಣಿಗೇಲಿ ಇರ್ಲಿ. ಯಾವ ಟೈಮಿಗಾದ್ರೂ ಬಂದು ನೋಡ್ಬಹುದಾ ಅನ್ನೋದೂ ಅದರಲ್ಲೇ ಇರ್ಲಿ.

ಎಲ್ಲಾ ಕಡೆ ಸಿಸಿಟಿವಿ ಇದೆ, ನೀವು ಮೊಬೈಲಲ್ಲೇ ನೋಡ್ಬಹುದು ಅಂದ್ರೆ ನನಗಂತೂ ಧೈರ್ಯ ಬರುತ್ತೆ, ಅದೂ ಕೇಳ್ಕೊಳ್ಳಿ.


ರಾತ್ರಿಪಾಳಿ:

@ಕಾಗದಪತ್ರ ಅಗ್ರಿಮೆಂಟ್ ವಿಷಯ ಪೂರ್ತಿ ಒಪ್ಪಿದೆ. ಸಿಸಿಟಿವಿ ಮಾತ್ರ ಒಪ್ಪಲ್ಲ. ಕಾರಿಡಾರಲ್ಲಿ, ಬಾಗಿಲಲ್ಲಿ ಇರ್ಲಿ. ರೂಮ್ ಒಳಗೆ ಡಯಾಪರ್ ಬದಲಾಯಿಸೋದು, ಮೈ ಒರೆಸೋದು ಎಲ್ಲಾ ನಡಿಯುತ್ತೆ, ಮಾತಾಡೋ ಶಕ್ತಿ ಇರೋ ಅಮ್ಮನ್ನ ಒಂದು ಮಾತು ಕೇಳದೇ ಅದನ್ನ ಯಾರ್ಯಾರೋ ನೋಡೋ ಹಾಗೆ ಮಾಡೋದು ಸರಿ ಅಲ್ಲ. ಕ್ಯಾಮೆರಾದಲ್ಲಿ ಬೆನ್ನಿನ ಚರ್ಮ ಕಾಣಲ್ಲ, ನೀವೇ ಹೋಗಿ ಮೈ ಒರೆಸೋ ಹೊತ್ತಿಗೆ ಜೊತೇಲಿ ನಿಂತ್ರೆ ಕಾಣುತ್ತೆ.


ಬಿಳಿಮೋಡ:

ಅಪ್‌ಡೇಟ್ ಕೊಡ್ತೀನಿ. ತಮ್ಮನ್ನೂ ಕರ್ಕೊಂಡು ಎರಡೂ ಕಡೆ ಹೇಳದೇ ಸಂಜೆ ಊಟದ ಹೊತ್ತಿಗೆ ಹೋದ್ವಿ. ಹೊಸ ಕಡೆ ರಿಸೆಪ್ಷನ್‌ನಲ್ಲೇ ಕೂರಿಸಿದ್ರು, ಅಪಾಯಿಂಟ್‌ಮೆಂಟ್ ತಗೊಂಡು ಬನ್ನಿ ಅಂದ್ರು, ರೋಸ್ಟರ್ ತೋರಿಸೋ ಪದ್ಧತಿ ಇಲ್ಲ ಅಂದ್ರು. ಹಳೇ ಕಡೆ ಹೆಡ್ ನರ್ಸ್ ಕೆಲ್ಸದಲ್ಲಿದ್ರು, ಸ್ವಲ್ಪ ಕಾಯಿರಿ ಅಂತ ಊಟದ ಹಾಲ್‌ನಲ್ಲೇ ಕೂರಿಸಿದ್ರು. ಎಲ್ಲಾ ಪರ್ಫೆಕ್ಟ್ ಇರ್ಲಿಲ್ಲ, ಒಬ್ರು ಎರಡು ಮೂರು ಸಲ ಕರೆದ್ರೂ ಸ್ಟಾಫ್ ಬರೋಕೆ ತಡ ಆಯ್ತು, ಒಂದು ಟಾಯ್ಲೆಟ್ ವಾಸನೆ ಇತ್ತು. ಆದ್ರೆ ಊಟ ಮಾಡಿಸೋರು ಸ್ಟೂಲ್ ಹಾಕ್ಕೊಂಡು ಎದುರಿಗೆ ಕೂತಿದ್ರು. ರಾತ್ರಿ 22 ಜನಕ್ಕೆ ಒಬ್ಬ ನರ್ಸ್, ಇಬ್ರು ಆಯಾ ಅಂತ ಮುಚ್ಚುಮರೆ ಇಲ್ದೇ ಹೇಳಿದ್ರು, ನಮಗೂ ಇನ್ನೊಬ್ರು ಬೇಕು ಅನ್ಸುತ್ತೆ ಅಂತಾನೂ ಅಂದ್ರು. ಈಗ ಒಬ್ರಿಗೆ ಬೆಡ್ ಸೋರ್ ಇದೆ, ಆಸ್ಪತ್ರೆಯಿಂದಾನೇ ಬಂದಿದ್ದು, ಕಮ್ಮಿ ಆಗ್ತಿದೆ ಅಂತ ಅಳತೆ ಬರೆದಿದ್ದ ಪುಸ್ತಕ ಹೆಸರು ಮುಚ್ಚಿ ತೋರಿಸಿದ್ರು. ತಮ್ಮ ವಾಪಸ್ ಬರೋವಾಗ ತಾನೇ ಇದೇ ಇರ್ಲಿ ಅಂದ.

ಮೊದಲು ಸ್ವಲ್ಪ ದಿನಕ್ಕೆ ಅಂತ ಸೇರಿಸಿ ಆಮೇಲೆ ಮುಂದುವರಿಸೋಣ ಅಂತ ಮಾತಾಡಿದೀವಿ, ಅವ್ರೂ ಒಪ್ಪಿದ್ರು. ಅಮ್ಮನಿಗೂ ಹೇಳಿದೀವಿ, ನೀವು ದಿನಾ ಬರ್ತೀರಾ ಅಂತ ಒಂದೇ ಪ್ರಶ್ನೆ ಕೇಳಿದ್ರು. ನಾನು ಬೆಳಿಗ್ಗೆ, ತಮ್ಮ ಸಂಜೆ ಅಂತ ಮಾಡ್ಕೊಂಡಿದೀವಿ. ಸೇರಿಸೋ ದಿನ ಏನೇನ್ ಮಾಡ್ಬೇಕು?


ರಾತ್ರಿಪಾಳಿ:

ರಾತ್ರಿ ಎಷ್ಟು ಜನ ಅಂತ ನಿಜ ಹೇಳಿದ್ರಲ್ಲ, ಅದು ನನಗೆ ಇಷ್ಟ ಆಯ್ತು. ಕಮ್ಮಿನೇ ಅದು, ಅದಕ್ಕೇ ರಾತ್ರಿ ಮಗ್ಗುಲು ಬದಲಾಯಿಸಿದ್ದು ಬೆಳಿಗ್ಗೆ ಹೋದಾಗ ನೀವು ದಿನಾ ಕೇಳಿ, ಜಗಳ ಬೇಡ, ಸುಮ್ನೆ ಕೇಳಿ, ಕೇಳೋರಿದಾರೆ ಅಂತ ಗೊತ್ತಿದ್ರೆ ಸಾಕು.

ಸೇರಿಸೋ ದಿನ ನರ್ಸ್ ಜೊತೆ ನಿಂತು ಅಮ್ಮನ ಚರ್ಮ ತಲೆಯಿಂದ ಹಿಮ್ಮಡಿವರೆಗೆ ನೋಡಿ, ಎಲ್ಲಾದ್ರೂ ಕೆಂಪು ಗಾಯ ಇದ್ರೆ ಬರೆಸಿ, ಇಬ್ರೂ ಸೈನ್ ಹಾಕಿ. ತೂಕ ಅವತ್ತೇ ಬರೆಸಿ. ಮಾತ್ರೆ ಲಿಸ್ಟ್ ಒಂದು ಕಾಪಿ ನಿಮ್ಮ ಹತ್ರ ಇರ್ಲಿ. ಯೂರಿನ್ ಕ್ಯಾತಿಟರ್ (ಮೂತ್ರ ಹೋಗೋ ನಳಿಕೆ) ಹಾಕೇ ಕಳಿಸ್ತಿದ್ರೆ ಯಾಕೆ ಬೇಕು ಯಾವಾಗ ತೆಗೀತೀರಿ ಅಂತ ಆಸ್ಪತ್ರೇಲೇ ಕೇಳಿ, ಇದ್ದಷ್ಟು ದಿನವೂ ಇನ್ಫೆಕ್ಷನ್ ರಿಸ್ಕ್ ಏರ್ತಾ ಹೋಗುತ್ತೆ. ಆಮೇಲೆ ಒಂದು ಹಾಳೇಲಿ ಅಮ್ಮನ ಬಗ್ಗೆ ಬರೆದು ಮಂಚದ ಹತ್ರ ಅಂಟಿಸಿ, ಹೇಗೆ ಕರೆದ್ರೆ ಇಷ್ಟ, ಯಾವ ಮಗ್ಗುಲು ಮಲಗಿ ಅಭ್ಯಾಸ, ಕನ್ನಡಕ ಯಾವಾಗ ಬೇಕು, ನೋವಾದ್ರೆ ಹೇಗೆ ತೋರಿಸ್ತಾರೆ ಅಂತ. ಇದ್ದಕ್ಕಿದ್ದ ಹಾಗೆ ಗೊಂದಲ ಮಾತಾಡಿದ್ರೆ ಅಥವಾ ವಿಪರೀತ ನಿದ್ದೆ ಮಾಡಿದ್ರೆ ವಯಸ್ಸು ಅಂತ ಬಿಡದೇ ಅವತ್ತೇ ಡಾಕ್ಟ್ರಿಗೆ ತೋರಿಸಿ ಅಂತ ಹೇಳಿಡಿ, ಇನ್ಫೆಕ್ಷನ್, ನೀರು ಕಮ್ಮಿಯಾಗಿರೋದು, ಮಲಬದ್ಧತೆ, ಹೊಸ ಮಾತ್ರೆ ಯಾವ್ದಾದ್ರೂ ಇರ್ಬಹುದು, ಸ್ಟ್ರೋಕ್ ಆದವ್ರಲ್ಲಿ ಇನ್ನೊಂದು ಸ್ಟ್ರೋಕೂ ಇರ್ಬಹುದು. ಮುಖ ಸೊಟ್ಟಗಾಗೋದು, ಬಲಗೈ ಬಿದ್ದುಹೋಗೋದು, ಮಾತು ಇನ್ನೂ ಕೆಡೋದು ಆದ್ರೆ ಡಾಕ್ಟ್ರು ಬರ್ಲಿ ಅಂತ ಕಾಯದೇ ನೇರ ಆಸ್ಪತ್ರೆಗೆ. ಆಗ ಯಾರು ಗಾಡಿ ಕರೀತಾರೆ, ನಿಮಗೆ ಯಾರು ಫೋನ್ ಮಾಡ್ತಾರೆ ಅಂತ ಹೆಡ್ ನರ್ಸ್ ಹತ್ರ ಅವತ್ತೇ ಮಾತಾಡ್ಕೊಂಡು ಬನ್ನಿ.